ಪ್ರತಿಷ್ಠೆಗೆ ಕಾದ ಮನೆ

ನಮ್ಮ ಮನೆಯವರಿಗೆ ಬೀಗದ ಮೇಲಿರುವ ನಂಬಿಕೆ ಮನುಷ್ಯರ ಮೇಲಿಲ್ಲ ಎಂದು ಮದುವೆಯಾದ ಹೊಸದರಲ್ಲೇ ನಾನು ತವರಿನಲ್ಲಿ ದೂರು ಹೇಳಿದ್ದೆ. ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡು ರಿಟೈರ್ ಆದವರು ಅವರು. ಹಲಸೂರಿನ ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬೀಗವಿದೆ. ಆದರೆ ಮನುಷ್ಯ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ಯಾರಾದರೂ ಅವರನ್ನು ಕಲ್ಲೆದೆಯವರು ಅಂದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಅವರನ್ನು ಬೈಯುವ ಹಕ್ಕು ನನ್ನದು, ಬೇರೆಯವರದ್ದಲ್ಲ.

ಈಗಲೂ ಚರ್ಚಿನಲ್ಲಿ ಯಾರಾದರೂ ಹೊಸ ಮನೆಯ ಪ್ರತಿಷ್ಠೆಗೆ ಕರೆದರೆ ಅವರು ಹೋಗುವುದಿಲ್ಲ. ಮೊಣಕಾಲು ನೋವು ಎನ್ನುತ್ತಾರೆ. ನಾನೊಬ್ಬಳೇ ಹೋಗಿ ಬಿರಿಯಾನಿ ತಿಂದು ಬರುತ್ತೇನೆ. ಮೊಣಕಾಲಿಗೆ ಏನೂ ಆಗಿಲ್ಲ. ಅದು ಒಬ್ಬ ಮುದುಕಿಯ ಸಂಗತಿ. ಅವಳಿಗಾಗಿ ನಾವು ಕಟ್ಟಿಸಿದ ಮನೆಯಲ್ಲಿ ಅವಳು ಒಂದು ರಾತ್ರಿಯೂ ಮಲಗಲಿಲ್ಲ.

ಗೋದಾವರಿ ಸಮುದ್ರ ಸೇರುವ ಕಡೆ ನದಿಯ ಕವಲುಗಳ ನಡುವೆ ದ್ವೀಪಗಳಿವೆ. ಅಲ್ಲಿಯವರು ಅವನ್ನು ಲಂಕೆ ಎನ್ನುತ್ತಾರೆ. ತೆಂಗು, ಮೀನು, ಒಂದಿಷ್ಟು ತರಕಾರಿ. ಉಪ್ಪು ತರಬೇಕೆಂದರೂ ದೋಣಿ ಹತ್ತಬೇಕು. ಕೆಲವು ವರ್ಷಗಳ ಹಿಂದೆ ಒಂದು ಚಂಡಮಾರುತ ಅಂಥದ್ದೊಂದು ಲಂಕೆಯ ಮೇಲೆ ಹಾದುಹೋಗಿ, ತಾಳೆಗರಿಯ ಒಂದು ಮನೆಯನ್ನೂ ಉಳಿಸಲಿಲ್ಲ. ಜನ ಶಾಲೆಯ ಮಾಳಿಗೆ ಹತ್ತಿ ಕೂತು ಜೀವ ಉಳಿಸಿಕೊಂಡರು. ನಮ್ಮ ಸಭಾಪಾಲಕರ ಹೆಂಡತಿಯ ತವರು ಅದರ ಎದುರು ದಡದಲ್ಲೇ ಇತ್ತು. ಆ ಭಾನುವಾರ ಸಭಾಪಾಲಕರು ಪ್ರಸಂಗ ಮಾಡಲಿಲ್ಲ, ಫೋನಿಗೆ ಬಂದ ಫೋಟೋಗಳನ್ನೇ ಪರದೆಯ ಮೇಲೆ ತೋರಿಸಿದರು. ಆರಾಧನೆ ಮುಗಿಯುವಷ್ಟರಲ್ಲಿ ಚರ್ಚಿನ ತುಂಬ ಮೂಗು ಒರೆಸಿಕೊಳ್ಳುವ ಸದ್ದು.

ಅತ್ತು ಮುಗಿದ ಮೇಲೆ ಕೆಲಸ ಶುರುವಾಯಿತು. ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟದವರು ಚರ್ಚಿನ ಹಾಲ್‌ನಲ್ಲಿ ಕೂತು ಅಕ್ಕಿ, ಬೇಳೆ, ಸೀರೆ, ಚಾಪೆ, ಸೊಳ್ಳೆಪರದೆ ಗಂಟು ಕಟ್ಟಿದೆವು. ಇಂದಿರಾನಗರದ ಯಾವುದೋ ಮನೆಯಿಂದ ಒಂದು ಚೀಲದ ತುಂಬ ಹೈ ಹೀಲ್ಸ್ ಚಪ್ಪಲಿ ಬಂತು. "ಇದನ್ನ ಹಾಕ್ಕೊಂಡು ದೋಣಿ ಹತ್ತಕ್ಕಾಗತ್ತೇನ್ರೀ?" ಎಂದು ನಾನು ಗೇಟಿನಿಂದಲೇ ವಾಪಸ್ ಕಳಿಸಿದೆ. ಚರ್ಚಿಗೆ ತಂದ ಕಾಣಿಕೆಗಳನ್ನು ಮಾರಿ ಹಣ ಕೂಡಿಸುವ ಸುಗ್ಗಿ ಹಬ್ಬದ ಹರಾಜಿನಲ್ಲಿ ಆ ವರ್ಷ ಒಂದೇ ಕುಂಬಳಕಾಯಿಯನ್ನು ಮತ್ತೆ ಮತ್ತೆ ಕೂಗಿದೆವು. ಕೊಂಡವರೆಲ್ಲ ಅದನ್ನು ತಿರುಗಿ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು. ಗಂಟು ಕೊಟ್ಟು ಬಂದರೆ ಸಾಲದು, ಮನೆಗಳನ್ನೇ ಕಟ್ಟಿಸಿಕೊಡಬೇಕು ಎಂಬ ಮಾತು ಆಗಲೇ ಹುಟ್ಟಿದ್ದು. ಒಂದು ಸಾಲು ಮನೆ, ಇಟ್ಟಿಗೆ ಗೋಡೆ, ಕಾಂಕ್ರೀಟಿನ ತಾರಸಿ, ನೀರು ಏರದಷ್ಟು ಎತ್ತರದ ಅಡಿಪಾಯ.

ಮೇಲೆ ನಿಂತು ಕೆಲಸ ಮಾಡಿಸುವವರು ಯಾರು ಎಂದಾಗ ಕಮಿಟಿಯವರೆಲ್ಲ ನಮ್ಮ ಮನೆಯವರ ಕಡೆ ತಿರುಗಿದರು. ಇವರಿದ್ದರೆ ಸಿಮೆಂಟಿನ ಒಂದು ಚೀಲ ಆಚೀಚೆ ಆಗುವುದಿಲ್ಲ ಎಂಬ ಧೈರ್ಯ. ನಾನೂ ಜೊತೆಗೆ ಹೊರಟೆ. ಹಲಸೂರಿನಲ್ಲಿ ಹುಟ್ಟಿದವರಿಗೆ ತಮಿಳು, ತೆಲುಗು ಯಾರೂ ಕಲಿಸಬೇಕಾಗಿಲ್ಲ, ಬೀದಿಯಲ್ಲೇ ಬಂದುಬಿಡುತ್ತವೆ. ಅಲ್ಲಿ ಆಡಿದ ಮಾತೆಲ್ಲ ತೆಲುಗಿನಲ್ಲೇ, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆ.ಆರ್. ಪುರದಲ್ಲಿ ಟ್ರೈನು ಹತ್ತಿ, ಗೋದಾವರಿಯ ಕಡೆ ಇಳಿದು ಬಸ್ಸು, ಬಸ್ಸಿಳಿದು ಆಟೋ, ಆಮೇಲೆ ದೋಣಿ. ದೋಣಿಯಲ್ಲಿ ನಮ್ಮ ಮನೆಯವರು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದರು. "ಮುಳುಗಿದ್ರೆ ಬ್ಯಾಗ್ ಉಳಿಯತ್ತಾ?" ಎಂದು ಕೇಳಿದೆ. ಬ್ಯಾಗಿನ ಪಟ್ಟಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

ಮುದುಕಿಯನ್ನು ಮೊದಲು ಕಂಡದ್ದು ಅವಳ ಮನೆಯಿದ್ದ ಜಾಗದಲ್ಲಿ. ನೀಲಿ ಟಾರ್ಪಾಲಿನ ಕೆಳಗೆ, ತೆಂಗಿನ ಗರಿಯ ಮೇಲೆ ಚಾಪೆ ಹಾಸಿಕೊಂಡು, ಒಂದು ಕೈ ನೆಲಕ್ಕೂರಿ ಉಸಿರು ಎಳೆಯುತ್ತಿದ್ದಳು. ಉಬ್ಬಸ. ಗಂಡ, ಮಗ ಇಬ್ಬರೂ ಹಿಂದೆಯೇ ತೀರಿಹೋಗಿದ್ದರು. ಉಳಿದವಳು ಸೊಸೆ ಒಬ್ಬಳು. ಮೀನಿನ ಬುಟ್ಟಿ ಹೊತ್ತು ದಡಕ್ಕೆ ಹೋಗಿ ಮಾರಿ ಬಂದು ಅತ್ತೆಯನ್ನು ಸಾಕುತ್ತಿದ್ದವಳು ಅವಳೇ. ಮುದುಕಿ ನನ್ನನ್ನು ಕಂಡು ಚಾಪೆಯ ಒಣಗಿದ ಮೂಲೆಯನ್ನು ಬಿಟ್ಟುಕೊಟ್ಟು, "ಕೂತ್ಕೊಳ್ಳಮ್ಮಾ" ಎಂದಳು. ಕೂತೆ. ಸೀರೆ ಒದ್ದೆಯಾಯಿತು. ಒಣಗಿದ ಮೂಲೆ ಅಂದರೆ ಅದೇ.

"ನಿಮ್ಮೂರಲ್ಲಿ ಸಮುದ್ರ ಇಲ್ವಂತೆ. ಮೀನು ಎಲ್ಲಿಂದ ತರ್ತೀರಿ?" ಎಂದು ಕೇಳಿದಳು.

"ಶಿವಾಜಿನಗರದ ಮಾರ್ಕೆಟ್ಟಿಂದ. ಐಸಲ್ಲಿ ಇಟ್ಟಿರ್ತಾರೆ."

"ಅಯ್ಯೋ ಪಾಪ," ಎಂದಳು. ಮನೆ ಮಠ ಕಳಕೊಂಡು ಕೂತವಳು ನನ್ನನ್ನು ಕಂಡು ಅಯ್ಯೋ ಪಾಪ ಅಂದದ್ದು ನೆನೆದರೆ ಈಗಲೂ ನಗು ಬರುತ್ತದೆ.

ಹೊಸ ಮನೆ ಹೇಗಿರಬೇಕು ಎಂದು ಎಲ್ಲರನ್ನೂ ಕೇಳಿದೆವು. ಕೆಲವರು ಕಿಟಕಿ ಎಂದರು, ಕೆಲವರು ಅಡುಗೆಗೆ ಕಟ್ಟೆ ಎಂದರು. ಮುದುಕಿ ಕೇಳಿದ್ದು ಒಂದೇ. "ನೆಲ ಒಣಗಿರ್ಬೇಕಮ್ಮಾ. ತುಫಾನು ಬಂದಾಗಿಂದ ಒದ್ದೆ ನೆಲದ ಮೇಲೆ ಮಲಗಿ ಮಲಗಿ ಎದೆ ಒಳಗೆ ನೀರು ನಿಂತ ಹಾಗಾಗಿದೆ. ಸಾಯೋದ್ರೊಳಗೆ ಒಂದ್ಸಲ ಒಣಗಿದ ನೆಲದ ಮೇಲೆ ಕಾಲು ಚಾಚಿ ಮಲಗ್ಬೇಕು." ಆಗಲಿ ಎಂದೆ. ಅಷ್ಟು ಸಣ್ಣದನ್ನು ಕೇಳಿದರೆ ಯಾರು ತಾನೇ ಇಲ್ಲ ಎನ್ನುತ್ತಾರೆ?

ನಮ್ಮ ಮನೆಯವರು ಅದನ್ನು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡರು. ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದು ಹೋಗುವಾಗಲೆಲ್ಲ ಅವಳ ಉಬ್ಬಸದ ಔಷಧಿಯನ್ನು ಮರೆಯದೆ ಕೊಂಡೊಯ್ಯುತ್ತಿದ್ದರು. ಅವಳ ಮನೆಯನ್ನು ಸಾಲಿನ ಮೊದಲಿಗೆ ಇಟ್ಟು, ಅದಕ್ಕೆ ಅಡಿಪಾಯ ಇನ್ನಷ್ಟು ಎತ್ತರಿಸಿ, ನೆಲಕ್ಕೆ ರೆಡ್ ಆಕ್ಸೈಡ್ ಹಾಕಿಸಿದರು. ತೇವ ಏರುತ್ತದೆಯೇ ಎಂದು ನೋಡಲು ಬೆಳಿಗ್ಗೆ ಎದ್ದು ಬರಿಗಾಲಿನಲ್ಲಿ ಆ ನೆಲದ ಮೇಲೆ ಓಡಾಡುತ್ತಿದ್ದರು. ಚರ್ಚಿನ ಕೆಲಸಕ್ಕೆ ಬಂದ ಗಂಡಸರೆಲ್ಲ ಆ ಜನಕ್ಕೆ ಅಯ್ಯಗಾರು. ಮುದುಕಿ ಮಾತ್ರ ಇವರನ್ನು ತಮ್ಮ ಎನ್ನುತ್ತಿದ್ದಳು. ನಮ್ಮ ಮನೆಯವರಿಗೆ ಅಕ್ಕ ತಂಗಿ ಯಾರೂ ಇಲ್ಲ. ತಮ್ಮ ಅಂದಾಗಲೆಲ್ಲ ಮುಖ ಅರಳುತ್ತಿತ್ತು, ನಾನು ಕಂಡರೆ ಕೆಮ್ಮುತ್ತಿದ್ದರು.

ಮನೆಗಳು ಮುಗಿದವು. ಸುಣ್ಣ ಬಣ್ಣ ಆಯಿತು. ಜನ ಚಾಪೆ ಸುತ್ತಿಕೊಂಡು ಕಾದು ನಿಂತರು. ಆಗ ನಮ್ಮ ಮನೆಯವರು ಬ್ಯಾಗಿನಿಂದ ಬೀಗಗಳನ್ನು ತೆಗೆದರು.

ಆ ಬೀಗಗಳನ್ನು ಕೊಳ್ಳುವಾಗ ನಾನೂ ಶಿವಾಜಿನಗರಕ್ಕೆ ಹೋಗಿದ್ದೆ. ಸಮುದ್ರದ ಊರಿಗೆ ಎಂದು ಹೇಳಿದ್ದಕ್ಕೆ ಅಂಗಡಿಯ ಸಾಬರು, "ಲೋಹಾ ನಕ್ಕೋ ಸಾಬ್, ತುಕ್ಕು ಹಿಡೀತದೆ. ಪೀತಲ್ ತಗೊಳ್ಳಿ," ಎಂದು ಕಬ್ಬಿಣದ್ದನ್ನು ಬದಿಗಿಟ್ಟು ಹಿತ್ತಾಳೆಯವನ್ನೇ ಕೊಟ್ಟಿದ್ದರು. ಮನೆಯ ಜೊತೆ ಜನಕ್ಕೆ ಬೀಗವೂ ಬೇಕಲ್ಲ ಅಂದುಕೊಂಡಿದ್ದೆ. ಅವರನ್ನು ಹೊರಗಿಟ್ಟು ಹಾಕುವ ಬೀಗ ಎಂದು ನನಗೆ ಹೊಳೆದಿರಲಿಲ್ಲ.

ನಮ್ಮವರ ಪದ್ಧತಿಯನ್ನು ಇಲ್ಲಿ ಹೇಳಬೇಕು. ಹೊಸ ಮನೆ ಕಟ್ಟಿದರೆ ಅದನ್ನು ಮೊದಲು ದೇವರಿಗೆ ಒಪ್ಪಿಸಬೇಕು. ಸಭಾಪಾಲಕರು ಬಂದು ಬಾಗಿಲು ತೆರೆದು ಕೋಣೆ ಕೋಣೆಗೂ ಹೋಗಿ ಪ್ರಾರ್ಥನೆ ಮಾಡುವ ತನಕ ಅಲ್ಲಿ ಒಲೆ ಹಚ್ಚುವುದಿಲ್ಲ, ಯಾರೂ ಮಲಗುವುದಿಲ್ಲ. ಅದೇ ಪ್ರತಿಷ್ಠೆ. ಬೈಬಲಿನಲ್ಲಿ ಹೀಗೇ ಮಾಡಬೇಕೆಂದು ಎಲ್ಲೂ ಇಲ್ಲ, ಅಜ್ಜಿಯರ ಕಾಲದಿಂದ ನಡೆದು ಬಂದದ್ದು. ಹಲಸೂರಿನಲ್ಲಿ ನಾವು ಮನೆ ಕಟ್ಟಿದಾಗ ಸಭಾಪಾಲಕರು ಊರಿನಲ್ಲಿಲ್ಲವೆಂದು ನಮ್ಮತ್ತೆ ಸಾಮಾನನ್ನೂ ನಮ್ಮನ್ನೂ ಅಂಗಳದಲ್ಲೇ ಇಟ್ಟಿದ್ದರು. ಬೀದಿಯವರು ಬಂದು ಕಾಫಿ ಕೊಟ್ಟು ಹೋದರು. ಆ ತಾಯಿಯ ಮಗ ಇವರು. ಮೇಲಾಗಿ ಇದು ಇಡೀ ಸಾಲು ಮನೆ, ಬಿಷಪರೇ ಬಂದು ಪ್ರತಿಷ್ಠೆ ಮಾಡಬೇಕೆಂದು ಕಮಿಟಿಯವರು ತೀರ್ಮಾನಿಸಿಬಿಟ್ಟಿದ್ದರು. ಬಿಷಪರ ದಿನ ಸಿಗುವ ತನಕ ಬೀಗ.

"ಈ ಊರಿನ ಸಭೆ ನೋಡ್ಕೊಳ್ಳೋ ಉಪದೇಶಿ ಇಲ್ಲೇ ಇದ್ದಾರಲ್ರೀ. ಅವರೇ ಒಂದು ಪ್ರಾರ್ಥನೆ ಮಾಡ್ಲಿ, ಜನ ಒಳಗೆ ಹೋಗ್ಲಿ," ಎಂದು ನಾನು ಅವತ್ತೇ ಹೇಳಿದೆ.

"ನಮ್ಮ ಮನೆಗೆ ಹೇಗೆ ಮಾಡಿದ್ವೋ ಇವರ ಮನೆಗೂ ಹಾಗೇ ಆಗ್ಬೇಕು ಕಣೇ," ಎಂದರು ಅವರು. "ಬಡವರು ಅಂತ ಹೇಗೋ ಒಂದು ಒಳಗೆ ತಳ್ಳಿಬಿಡೋದಾ? ಮರ್ಯಾದೆಯಾಗಿ ಕೊಡೋಣ."

ಆ ಮಾತಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಅದೇ ಹೊಟ್ಟೆ ಉರಿಸುವ ವಿಷಯ. ಕೆಟ್ಟ ಮನಸ್ಸಿನಿಂದ ಆಡಿದ ಮಾತಾಗಿದ್ದರೆ ಅಲ್ಲೇ ಜಗಳ ತೆಗೆದು ಗೆದ್ದುಬಿಡುತ್ತಿದ್ದೆ. ಜನರೂ ಹೂಂ ಎಂದರು. ದೊಡ್ಡ ಅಯ್ಯಗಾರು ಬರುತ್ತಾರಂತೆ ಎಂದು ಅವರಿಗೂ ಸಂಭ್ರಮವೇ. ಸುತ್ತಿದ ಚಾಪೆಗಳನ್ನು ತಿರುಗಿ ಟಾರ್ಪಾಲಿನ ಕೆಳಗೆ ಬಿಚ್ಚಿದರು. ಬೀಗದ ಕೈಗಳನ್ನು ಅಲ್ಲಿ ಬಿಟ್ಟರೆ ಒಬ್ಬರಿಗೆ ತೆರೆದು ಒಬ್ಬರಿಗೆ ಬಿಟ್ಟು ಜಗಳವಾಗುತ್ತದೆ ಎಂದು ನಮ್ಮ ಮನೆಯವರು ಅವನ್ನೆಲ್ಲ ಒಂದು ಬಿಸ್ಕತ್ ಡಬ್ಬಿಗೆ ಹಾಕಿ ಬೆಂಗಳೂರಿಗೆ ತಂದರು. ಆ ಡಬ್ಬಿ ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕ ಕೂತಿತು.

ಮೊದಲು ಸಿಕ್ಕ ದಿನಕ್ಕೆ ಬಿಷಪರಿಗೆ ಡೆಂಗಿ ಜ್ವರ ಬಂತು. ಅವರು ಚೇತರಿಸಿಕೊಂಡು ಇನ್ನೊಂದು ದಿನ ಕೊಡುವಷ್ಟರಲ್ಲಿ ಬೆಂಗಳೂರಿನಲ್ಲಿ ಮಳೆ ಹಿಡಿಯಿತು. ಮಹದೇವಪುರದ ಕಡೆ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆಲ್ಲ ನೀರು ನುಗ್ಗಿ, ಆಫೀಸಿಗೆ ಹೋಗುವವರು ಟ್ರ್ಯಾಕ್ಟರಿನಲ್ಲಿ ನಿಂತು ಹೋಗುವುದನ್ನು ಟಿವಿಯಲ್ಲಿ ತೋರಿಸಿದರು. ನಮ್ಮ ಸಭೆಯ ಎಷ್ಟೋ ಕುಟುಂಬಗಳು ಆ ಕಡೆಯವೇ. ಅವರು ತಮ್ಮ ತಮ್ಮ ಮನೆಯ ನೀರು ಹೊರಹಾಕುವುದರಲ್ಲಿದ್ದಾಗ ಲಂಕೆಯ ಪ್ರತಿಷ್ಠೆಯ ನೆನಪು ಯಾರಿಗೆ? ದಿನ ಮತ್ತೆ ಮುಂದಕ್ಕೆ ಹೋಯಿತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಸೊಸೆ ವಿಡಿಯೋ ಕಾಲ್ ಮಾಡಿದಳು. "ನಿಮ್ಮೂರಲ್ಲೂ ತುಫಾನಾ ಅಮ್ಮಾ? ಫೋನಲ್ಲಿ ನೋಡಿದ್ವಿ." ಅವಳ ಹಿಂದಿನಿಂದ ಮುದುಕಿ ಮುಖ ತೂರಿಸಿದಳು. ಕೆನ್ನೆ ಇಳಿದುಹೋಗಿತ್ತು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರಿಗೆ ಕಾಯಬೇಕಿತ್ತು. ಆದರೂ ತಮಾಷೆ ಬಿಟ್ಟಿರಲಿಲ್ಲ. "ಇಲ್ಲಿಗೆ ಬಂದ್ಬಿಡಿ. ನಿಮ್ಮೂರಲ್ಲಿ ದೋಣಿನೂ ಇಲ್ಲ, ಪಾಪ." ಆಮೇಲೆ ನಮ್ಮ ಮನೆಯವರನ್ನು ಕರೆಸಿಕೊಂಡಳು. "ತಮ್ಮಾ, ಬೀಗ ಯಾವಾಗ ತೆಗೀತೀಯಾ? ದಿನಾ ಹೋಗಿ ಮೆಟ್ಟಿಲ ಮೇಲೆ ಕೂತು ಬರ್ತೀನಿ. ಮೆಟ್ಟಿಲು ತುಂಬಾ ಚೆನ್ನಾಗಿ ಮಾಡ್ಸಿದ್ದೀಯಾ."

"ಇನ್ನು ಸ್ವಲ್ಪ ದಿನ ಅಕ್ಕಾ," ಎಂದರು ಇವರು.

ಫೋನ್ ಇಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. "ಮನೆ ಅವರದ್ದಾ, ಬಿಷಪರದ್ದಾ, ನಿಮ್ಮದಾ? ಆ ಹೆಂಗ್ಸು ಮೆಟ್ಟಿಲ ಮೇಲೆ ಕೂತು ಬರ್ತಾಳಂತೆ. ಬೀಗದ ಕೈ ಕೊರಿಯರ್‌ಗೆ ಹಾಕ್ರೀ. ಇಲ್ಲಾಂದ್ರೆ ನಾನೇ ಡಬ್ಬಿ ತಗೊಂಡು ಟ್ರೈನ್ ಹತ್ತೀನಿ."

"ಮುಂದಿನ ವಾರ ಡೇಟ್ ಫಿಕ್ಸ್ ಆಗತ್ತೆ. ಇಷ್ಟು ದಿನ ಕಾದಿದ್ದಾರೆ, ಇನ್ನೊಂದು ವಾರ ತಾನೇ?"

ಅವರ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ. ಮಾರನೆಯ ದಿನ ಕಮಿಟಿಯ ಹಿರಿಯರೊಬ್ಬರಿಗೆ ಫೋನ್ ಮಾಡಿ, ಮೊದಲು ಜನರನ್ನು ಒಳಗೆ ಬಿಟ್ಟರೆ ಹೇಗೆ ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಆ ಕಡೆಯಿಂದ ಏನು ಉತ್ತರ ಬಂತೋ, "ಸರಿ, ಹಾಗೇ ಆಗ್ಲಿ" ಎಂದು ಫೋನ್ ಇಟ್ಟು, ಚಪ್ಪಲಿ ಮೆಟ್ಟಿ ಹಲಸೂರು ಕೆರೆಯ ಕಡೆ ವಾಕಿಂಗ್ ಹೋದರು. ನಾನು ಟ್ರೈನ್ ಹತ್ತಲಿಲ್ಲ. ಸಿಟ್ಟಿನಲ್ಲಿ ಆಡುವ ಮಾತನ್ನೆಲ್ಲ ಯಾರು ಮಾಡುತ್ತಾರೆ?

ಬಿಷಪರ ದಿನ ನಿಜವಾಗಿಯೂ ಮುಂದಿನ ವಾರವೇ ನಿಶ್ಚಯವಾಯಿತು. ಟಿಕೆಟ್ ತೆಗೆಸಿದರು. ಹೊರಡುವುದಕ್ಕೆ ಮುಂಚಿನ ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದೆವು. ಸೊಸೆಯ ಫೋನ್ ಬಂತು. ಈ ಸಲ ವಿಡಿಯೋ ಇರಲಿಲ್ಲ. ಸ್ಪೀಕರಿಗೆ ಹಾಕಿದೆ.

"ಅಮ್ಮಾ, ಅತ್ತೆ ಹೋಗ್ಬಿಟ್ರು."

ನಾಲ್ಕು ದಿನದಿಂದ ಅಲ್ಲಿ ಮಳೆ ಬಿಟ್ಟಿರಲಿಲ್ಲವಂತೆ. ಟಾರ್ಪಾಲಿನ ಕೆಳಗೆ ನೀರು ಹರಿದು ಬಂದಿತ್ತು. ಬೆಳಗಿನ ಜಾವ ಉಸಿರು ಸಿಕ್ಕಲಿಲ್ಲ. ದೋಣಿಯವನನ್ನು ಎಬ್ಬಿಸಿ ದಡಕ್ಕೆ ಹೊರಡುವಷ್ಟರಲ್ಲಿ ಮುಗಿದಿತ್ತು. ಸೊಸೆ ಅಳದೆ ಇಷ್ಟನ್ನೂ ಹೇಳಿದಳು. ಟಾರ್ಪಾಲಿನ ಮೇಲೆ ಮಳೆ ಬೀಳುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

ನಮ್ಮ ಮನೆಯವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಫೋನಿನ ಹತ್ತಿರ ಬಾಗಿ, ಅವರ ಬಾಯಲ್ಲಿ ನಾನು ಎಂದೂ ಕೇಳದ ಮಾತು ಆಡಿದರು. "ಬೀಗ ಒಡೀರಮ್ಮಾ. ಒಂದು ಕಲ್ಲು ತಗೊಂಡು ಒಡೆದ್ಹಾಕಿ. ಅಕ್ಕನ್ನ ಒಳಗೆ ಮಲಗ್ಸಿ. ಮಳೇಲಿ ಇಡ್ಬೇಡಿ."

ಆ ಕಡೆ ಅವಳು ಯಾರೊಡನೆಯೋ ಮಾತಾಡಿದ್ದು ಕೇಳಿಸಿತು. ತಿರುಗಿ ಬಂದು ಹೇಳಿದಳು: "ಬೇಡ ಬಿಡಿ ಅಯ್ಯಗಾರು. ಹೊಸ ಬೀಗ, ಯಾಕೆ ಹಾಳು ಮಾಡೋದು. ನೀವು ಪ್ರತಿಷ್ಠೆ ಮಾಡ್ಬೇಕು ಅಂತ ಇಟ್ಟಿರೋ ಮನೆಗೆ ಹೆಣ ತರೋದು ಚೆನ್ನಾಗಿರಲ್ಲ. ಇಲ್ಲೇ ಹಲಗೆ ಹಾಕಿ ಮಲಗ್ಸಿದ್ದೀವಿ. ಎಲ್ಲಾ ಬಂದಿದ್ದಾರೆ."

ಕಲ್ಲಿನ ಎರಡು ಏಟಿಗೆ ಒಡೆಯುವ ಬೀಗ ಅದು. ಆ ಜನ ಅಷ್ಟು ದಿನ ಅದರ ಮುಂದೆಯೇ ಓಡಾಡಿದರೂ ಯಾರೂ ಕಲ್ಲು ಎತ್ತಲಿಲ್ಲ. ಹೆದರಿ ಅಲ್ಲ, ನಮ್ಮ ಮಾತಿಗೆ ಬೆಲೆ ಕೊಟ್ಟು. ಬೇರೆ ಏನನ್ನು ಮರೆತರೂ ಇದನ್ನು ಮರೆಯಲು ನನ್ನಿಂದ ಆಗಿಲ್ಲ. ಅವತ್ತು ನಮ್ಮ ಮನೆಯವರ ತಟ್ಟೆಯನ್ನು ಹಾಗೇ ಎತ್ತಿಟ್ಟೆ. ಬೈಯಬೇಕು ಅನ್ನಿಸಲೇ ಇಲ್ಲ.

ಬಿಷಪರಿಗೆ ಸಂಗತಿ ತಿಳಿದದ್ದು ಲಂಕೆಗೆ ಹೋಗುವ ದೋಣಿಯಲ್ಲಿ. ಅಷ್ಟು ದಿನ ಜನ ಎಲ್ಲಿದ್ದರು ಎಂದು ಅವರಾಗಿಯೇ ಕೇಳಿದರು. ನಮ್ಮ ಮನೆಯವರು ಒಂದನ್ನೂ ಮುಚ್ಚಿಡದೆ ಹೇಳಿದರು. ಬಿಷಪರು, "ಒಂದು ಫೋನ್ ಮಾಡಿದ್ರೆ ಸಾಕಾಗಿತ್ತಲ್ರೀ," ಎಂದರು. "ಒಳಗೆ ಬಿಡಬೇಡಿ ಅಂತ ನಾನು ಹೇಳ್ತಿದ್ನಾ? ಜನ ಒಳಗಿದ್ದಿದ್ರೂ ನಾನು ಬಂದು ಪ್ರಾರ್ಥನೆ ಮಾಡ್ತಿದ್ದೆ." ಅವರನ್ನು ಯಾರೂ ಕೇಳಿರಲೇ ಇಲ್ಲ. ಬಿಷಪರಿಗೆ ಬೇಸರವಾಗುತ್ತದೆ ಎಂದು ಕಮಿಟಿಯವರು ಅಂದುಕೊಂಡಿದ್ದರು, ಕಮಿಟಿಯವರಿಗೆ ಬೇಸರವಾಗುತ್ತದೆ ಎಂದು ಇವರು ಅಂದುಕೊಂಡಿದ್ದರು.

ಪ್ರತಿಷ್ಠೆ ಸಾಲಿನ ಆ ತುದಿಯಿಂದ ಶುರುವಾಯಿತು. ಮುದುಕಿಯ ಮನೆ ಕೊನೆಗೆ ಬರಲಿ ಎಂದು ನಮ್ಮ ಮನೆಯವರೇ ಹಾಗೆ ಮಾಡಿಸಿದ್ದರು ಎಂದು ನನಗೆ ಗೊತ್ತು. ಒಂದೊಂದು ಬಾಗಿಲ ಮುಂದೆಯೂ ಬಿಷಪರು ಪ್ರಾರ್ಥಿಸಿ ಬೀಗ ತೆಗೆಯುತ್ತಿದ್ದರು. ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಮೊದಲು ಕಾಲಿಡಬೇಕು, ಉಳಿದವರು ಅವರ ಹಿಂದೆ. ಎಲ್ಲ ಮನೆಯಲ್ಲೂ ಒಬ್ಬರು ಅಜ್ಜನೋ ಅಜ್ಜಿಯೋ ಇದ್ದರು. ಅವರನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸುವಾಗ ಜನ ಹಾಡುತ್ತಿದ್ದರು. ನಮ್ಮ ಮನೆಯವರು ಗುಂಪಿನ ಹಿಂದೆ ಬಿಸ್ಕತ್ ಡಬ್ಬಿ ಹಿಡಿದು ಬರುತ್ತಿದ್ದರು.

ಕೊನೆಯ ಬಾಗಿಲ ಮುಂದೆ ಸೊಸೆ ಒಬ್ಬಳೇ ನಿಂತಿದ್ದಳು. ಕಂಕುಳಲ್ಲಿ ಸುತ್ತಿದ ಚಾಪೆ. ಬಿಷಪರು ಪ್ರಾರ್ಥಿಸಿ ಬಾಗಿಲು ತಳ್ಳಿದರು. ಅವಳು ಒಳಗೆ ಹೋಗಲಿಲ್ಲ. ತಿರುಗಿ ಗುಂಪಿನಲ್ಲಿ ಯಾರನ್ನೋ ಹುಡುಕಿ, "ಅಯ್ಯಗಾರು" ಎಂದು ಕರೆದಳು.

ಜನ ದಾರಿ ಬಿಟ್ಟರು. ನಮ್ಮ ಮನೆಯವರು ಮುಂದೆ ಬಂದರು.

"ನಮ್ಮನೇಲಿ ಹಿರಿಯರು ಯಾರೂ ಉಳಿದಿಲ್ಲ," ಎಂದಳು. "ಅತ್ತೆ ನಿಮ್ಮನ್ನ ತಮ್ಮ ಅಂತಿದ್ರಲ್ಲ. ನೀವೇ ಮೊದಲು ಕಾಲಿಡಿ."

ಅವಳ ಮುಖವನ್ನೇ ನೋಡಿದೆ. ಕೊಂಕು ಇರಬಹುದು, ಸಿಟ್ಟು ಇರಬಹುದು ಎಂದು ಹುಡುಕಿದೆ. ಇದ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. ಮನೆಗೆ ಬಂದ ಹಿರಿಯರನ್ನು ಕರೆಯುವ ಹಾಗೆ ಕರೆದಿದ್ದಳು, ಅಷ್ಟೇ.

"ನಾನು ಬೇಡಮ್ಮಾ," ಎಂದರು ಇವರು. "ನಾನು ಹೇಗೆ..."

"ಬನ್ನಿ," ಎಂದು ಅವಳು ಅವರ ಮೊಣಕೈ ಹಿಡಿದಳು. "ಮೆಟ್ಟಿಲು ಎತ್ತರ ಇದೆ, ನಿಧಾನ."

ಜನ ಹಾಡು ಶುರು ಮಾಡಿದರು. ನಮ್ಮ ಮನೆಯವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಹಿಂದೆಯೇ ಹೋದ ಸೊಸೆ ಚಾಪೆ ಬಿಚ್ಚಿ ನೆಲಕ್ಕೆ ಹಾಸಿ, ಕೂತ್ಕೊಳ್ಳಿ ಎಂದಳು. ಅವರು ಕೂತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಮುದುಕಿಗೆಂದು ಮಾಡಿಸಿದ ಆ ನೆಲದ ಮೇಲೆ ಎಲ್ಲರಿಗಿಂತ ಮೊದಲು ಕೂತವರು ನಮ್ಮ ಮನೆಯವರು.